ಬೆಲ್ಲ ಹೊರುವವರ ಒಳ್ಳೆಯ ರಿಪೋರ್ಟು

ಆ ವರದಿಯನ್ನು ಮೊದಲ ಸಲ ನೋಡಿದಾಗ ನನಗೆ ಅನ್ನಿಸಿದ್ದು ಒಂದೇ: ಈ ರಕ್ತ ಈ ಮನುಷ್ಯನದಲ್ಲ.

ಪರದೆಯ ಮೇಲೆ ಎರಡು ಕಿಟಕಿಗಳನ್ನು ಅಕ್ಕಪಕ್ಕ ತೆರೆದುಕೊಂಡಿದ್ದೆ. ಒಂದರಲ್ಲಿ ಕಣ್ಣಿನ ಒಳಗೋಡೆಯ ಚಿತ್ರ. ಅದರ ತುಂಬ ರಕ್ತ ಜಿನುಗಿದ ಚುಕ್ಕೆಗಳು, ಹಳದಿ ಜಿಡ್ಡಿನ ಕಲೆಗಳು, ಇರಬಾರದ ಕಡೆ ಹುಟ್ಟಿಕೊಂಡ ಎಳೆ ರಕ್ತನಾಳಗಳು. ವರ್ಷಗಟ್ಟಲೆ ಸಕ್ಕರೆ ಹತೋಟಿ ತಪ್ಪಿದವರ ಕಣ್ಣು ಹೀಗಾಗುತ್ತದೆ. ಇನ್ನೊಂದು ಕಿಟಕಿಯಲ್ಲಿ ಅದೇ ವ್ಯಕ್ತಿಯ ರಕ್ತಪರೀಕ್ಷೆ. ರೋಗಿಗಳೆಲ್ಲ 'ಮೂರು ತಿಂಗಳ ಟೆಸ್ಟ್' ಎಂದು ಕರೆಯುವ ಪರೀಕ್ಷೆ ಅದು. ಹಿಂದಿನ ಮೂರು ತಿಂಗಳಲ್ಲಿ ಸಕ್ಕರೆ ಸರಾಸರಿ ಎಷ್ಟಿತ್ತು ಎಂದು ಅದರಿಂದ ಅಂದಾಜು ಮಾಡುತ್ತಾರೆ. ಇವರ ಅಂಕಿ ಅಚ್ಚುಕಟ್ಟಾಗಿತ್ತು. ಆ ಸಲವಷ್ಟೇ ಅಲ್ಲ, ಅದಕ್ಕೂ ಹಿಂದಿನ ಎಲ್ಲ ಸಲವೂ.

ಪುಣೆಯ ಒಂದು ಸಂಶೋಧನಾ ಪ್ರಯೋಗಾಲಯದಲ್ಲಿ ನನಗೆ ಸಂಬಳ ಕೊಡುವುದೇ ಅನುಮಾನ ಪಡುವುದಕ್ಕೆ. ಬಂದ ಮಾಹಿತಿಯಲ್ಲಿ ಎಲ್ಲಿ ಕೊಳವೆ ಅದಲುಬದಲಾಗಿದೆ, ಎಲ್ಲಿ ಹೆಸರು ತಪ್ಪಿದೆ, ಎಲ್ಲಿ ಯಂತ್ರ ಕೆಟ್ಟಿದೆ ಎಂದು ಹುಡುಕಿ, ಎಲ್ಲ ಸರಿ ಇದೆ ಎಂದು ನಾನು ಒಪ್ಪಿದ ಮೇಲಷ್ಟೇ ಮುಂದಿನ ಲೆಕ್ಕಾಚಾರ. ಆಗ ನಡೆಯುತ್ತಿದ್ದ ಅಧ್ಯಯನ ಎರಡನೇ ಬಗೆಯ ಮಧುಮೇಹದ ಕುರಿತಾದದ್ದು. ಈ ಕಾಯಿಲೆ ಇರುವವರಲ್ಲಿ ಕೆಲವರ ಕಣ್ಣು, ಮೂತ್ರಪಿಂಡ ಬೇಗ ಕೆಡುತ್ತವೆ, ಇನ್ನು ಕೆಲವರಿಗೆ ಎಷ್ಟು ವರ್ಷ ಕಳೆದರೂ ಏನೂ ಆಗುವುದಿಲ್ಲ. ಈ ವ್ಯತ್ಯಾಸದಲ್ಲಿ ವಂಶವಾಹಿಗಳ ಪಾಲೆಷ್ಟು ಎಂಬುದು ನಮ್ಮ ಪ್ರಶ್ನೆ. ಬೆಂಗಳೂರಿನಿಂದ ಬಂದು ಇಲ್ಲೇ ನೆಲೆಸಿದ ಮಧುಮೇಹ ತಜ್ಞರೊಬ್ಬರು ನಮ್ಮ ಮುಖ್ಯಸ್ಥರು. ಸಕ್ಕರೆ ಹತೋಟಿಯಲ್ಲಿದ್ದೂ ಅಂಗಗಳು ಕೆಟ್ಟವರ ಒಂದು ಗುಂಪಿನ ಮೇಲೆ ಅವರ ಆಸೆಯೆಲ್ಲ ನಿಂತಿತ್ತು. ಸಕ್ಕರೆಯ ತಪ್ಪಿಲ್ಲದೆ ಕಣ್ಣು ಹೋಗಿದೆಯೆಂದರೆ ತಪ್ಪು ವಂಶವಾಹಿಯಲ್ಲೇ ಇರಬೇಕು, ಇವರಲ್ಲಿ ಹುಡುಕಿದರೆ ಅದು ಸಿಕ್ಕೇ ಸಿಗುತ್ತದೆ ಎಂಬುದು ಅವರ ತರ್ಕ. ಪ್ರಬಂಧದ ಕರಡು ಅರ್ಧ ಸಿದ್ಧವಾಗಿತ್ತು.

ನಾನು ಆ ಎರಡು ಕಿಟಕಿಗಳನ್ನು ತೋರಿಸಿದಾಗ ಅವರ ಮುಖ ಅರಳಿತು.

"ಇವರೇ ನಮ್ಮ ಬೆಸ್ಟ್ ಕೇಸ್ ನೋಡಿ. ಇಷ್ಟು ಕ್ಲೀನಾಗಿ ಯಾರದೂ ಇಲ್ಲ."

"ಅದಕ್ಕೇ ಸರ್ ನನಗೆ ಸಂಶಯ. ಇಷ್ಟು ಕ್ಲೀನ್ ಇರಬಾರದು. ಕೊಳವೆ ಬದಲಾಗಿರಬೇಕು."

"ಪ್ರತಿ ಸಲಾನೂ ಬದಲಾಗುತ್ತಾ?"

ಹಳೆಯ ದಾಖಲೆಗಳನ್ನು ತಿರುವಿ ಹಾಕಿದೆ. ಆ ಎಲ್ಲ ಸಲವೂ ರಕ್ತ ತೆಗೆದುಕೊಂಡು ಬಂದವರು ಒಬ್ಬರೇ ಎಂಬುದು ಹೊಳೆಯಿತು: ನಮ್ಮ ಕ್ಷೇತ್ರಕಾರ್ಯದ ನರ್ಸ್. ಮಾರ್ಕೆಟ್ ಯಾರ್ಡಿನ ಸುತ್ತಮುತ್ತಲ ಮನೆಗಳಿಗೆಲ್ಲ ಹೋಗುವ, ಚುರುಕು ಕಾಲಿನ ಮರಾಠಿ ಹೆಂಗಸು. ಬಿಸಿಲಲ್ಲಿ ಮನೆ ಮನೆ ತಿರುಗುವ ಬದಲು ಒಂದೇ ಮನೆಯಲ್ಲಿ ಕೂತು ನಾಲ್ಕು ಜನರ ಕೊಳವೆ ತುಂಬಿಸಿದವರ ಕಥೆಗಳನ್ನು ಬೇರೆ ಕಡೆ ಕೇಳಿದ್ದೆ. ಮರುದಿನ ನಾನೂ ಬರುತ್ತೇನೆ ಎಂದೆ. ಯಾಕೆ ಎಂದು ಅವಳು ಕೇಳಲಿಲ್ಲ. ಅದೂ ನನಗೆ ಅನುಮಾನಕ್ಕೆ ಕಾರಣವಾಯಿತು.

ಆ ವರದಿಯವರ ಮನೆ ಬಿಬವೇವಾಡಿಯಲ್ಲಿ, ಅಂಗಡಿ ಸಾಲಿನ ಹಿಂದೆ, ಎರಡು ಕೋಣೆ. ಯಾದಗಿರಿ ಕಡೆಯಿಂದ ಬಂದ ಕುಟುಂಬ. ಗಂಡ ಮಾರ್ಕೆಟ್ ಯಾರ್ಡಿನ ಬೆಲ್ಲದ ಗಾಳಾಗಳಲ್ಲಿ ಹಮಾಲ. ಗಾಳಾ ಎಂದರೆ ಅಲ್ಲಿಯ ಸಗಟು ಅಂಗಡಿ. ಹೆಂಡತಿ ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಡುತ್ತಿದ್ದರು. ಬಾಗಿಲಲ್ಲಿ ನಿಂತಿದ್ದು ಅವರೇ, ಕೈತುಂಬ ಹಿಟ್ಟು. ನರ್ಸನ್ನು ನೋಡಿ ಸುಮ್ಮನಿದ್ದವರು ನನ್ನನ್ನು ನೋಡಿ ಹುಬ್ಬು ಗಂಟಿಕ್ಕಿದರು.

"ಮತ್ತ ರಗತ ಬೇಕೇನು? ಹೋದ ಸಲ ತಗೊಂಡಿದ್ದು ಎಲ್ಲಿ ಹೋತು?"

ನಾನು ಧಾರವಾಡದವಳು. ನನ್ನ ಬಾಯಿಂದ ಕನ್ನಡ ಬಂದದ್ದೇ ಅವರ ಹುಬ್ಬು ಒಂಚೂರು ಸಡಿಲಾಯಿತು, ಪೂರ್ತಿ ಅಲ್ಲ.

"ಜೋಪಾನ ಇಟ್ಟೀವ್ರಿ ಅಕ್ಕಾರ. ಆದರ ಒಮ್ಮೆ ತಾಳೆ ಹಾಕಿ ನೋಡಬೇಕಾಗೇದ."

"ಯಾಕ? ಅದು ಇವ್ರದ್ದು ಅಲ್ಲಂತೇನು?"

ಅವರು ನೇರ ಅಲ್ಲಿಗೇ ಬಂದದ್ದು ಕೇಳಿ ನರ್ಸ್ ನನ್ನತ್ತ ತಿರುಗಿದಳು. ಅವಳಿಗೆ ಕನ್ನಡ ಅಷ್ಟಿಷ್ಟು ತಿಳಿಯುತ್ತದೆ ಎಂಬುದನ್ನು ನಾನು ಮರೆತಿದ್ದೆ.

ಒಳಗಿನಿಂದ ಗಂಡ ಬಂದರು. ಐವತ್ತು ದಾಟಿದ, ಹೆಗಲು ಅಗಲವಾದ ಮನುಷ್ಯ. ಮಾತಾಡುವಾಗ ತಲೆಯನ್ನು ತುಸು ಓರೆ ಮಾಡುತ್ತಿದ್ದರು. ಎಡಗಣ್ಣಿಂದ ನೋಡುವುದು ಕಷ್ಟವಾಗಿ ಬಲಗಣ್ಣಿಗೆ ಎದುರಿನವರನ್ನು ತಂದುಕೊಳ್ಳುವ ರೀತಿ ಅದು.

"ಕಣ್ಣಾಗ ಕರೀ ದಾರ ತೇಲಿದಂಗ ಆಗ್ತದ್ರಿ ಬಾಯಾರ. ಲಾರಿಗೆ ಹಲಗಿ ಇಟ್ಟಿರ್ತಾರಲ್ರಿ, ಹೊತ್ಕೊಂಡು ಏರೂ ಮುಂದ ಹಲಗಿ ಅಂಚು ಯಾವ್ದು, ಈ ದಾರ ಯಾವ್ದು ತಿಳಿವಲ್ದು. ಮೊನ್ನಿ ಬೀಳೂ ಪರಸಂಗ ಬಂದಿತ್ತು."

"ಬಿದ್ದ್ರ ಬುದ್ಧಿ ಬರ್ತದ" ಎಂದರು ಹೆಂಡತಿ. ನನ್ನ ಕಡೆ ತಿರುಗಿ, "ಇವ್ರು ಅಲ್ಲೇ ಕದ್ದು ಬೆಲ್ಲ ತಿಂತಾರ್ರಿ. ನಾ ದಿನಾ ಅಂಗಿ ಮೂಸಿ ನೋಡ್ತೀನಿ" ಎಂದರು.

"ದಿನಾ ಬೆಲ್ಲದ ಪೆಂಟಿ ಹೊರಾವನ ಅಂಗಿ ಮತ್ತ ಉಳ್ಳಾಗಡ್ಡಿ ವಾಸ್ನಿ ಬರ್ತದೇನು? ಡಾಕ್ಟ್ರು ಏನಂದಾರ? ರಿಪೋರ್ಟ್ ಒಂದನೇ ನಂಬರ್ ಅದ ಅಂದಾರ. ಗುಳಿಗಿನೂ ಕಮ್ಮಿ ಮಾಡ್ಯಾರ. ಆದ್ರೂ ಇಕಿ ನಂಬಂಗಿಲ್ಲ."

ಓಣಿಯ ದವಾಖಾನೆಯ ವೈದ್ಯರು ವರದಿ ಚೆನ್ನಾಗಿದೆಯೆಂದು ಇವರ ಮಾತ್ರೆಗಳನ್ನು ಇಳಿಸುತ್ತ ಬಂದದ್ದು ನನಗೆ ಆಗಲೇ ತಿಳಿದದ್ದು. ನಾನು ಎದುರು ಕೂತು, ನರ್ಸ್ ರಕ್ತ ತೆಗೆಯುವುದನ್ನು, ಕೊಳವೆಗೆ ಚೀಟಿ ಹಚ್ಚುವುದನ್ನು ಕಣ್ಣು ಮಿಟುಕಿಸದೆ ನೋಡಿದೆ. ಪೆಟ್ಟಿಗೆಯನ್ನು ಅವಳ ಕೈಗೆ ಕೊಡದೆ ನಾನೇ ಹಿಡಿದುಕೊಂಡೆ.

ಅವಳು ಮುಂದೆ ಮುಂದೆ ನಡೆದು ಓಣಿ ದಾಟಿದಳು. ರಿಕ್ಷಾಕ್ಕೆ ಕೈ ಮಾಡುವಾಗ ಕೇಳಿದಳು:

"ಮ್ಯಾಡಮ್, ತುಮ್ಚಾ ಮಾಝ್ಯಾವರ್ ವಿಶ್ವಾಸ್ ನಾಹೀ, ಹೋ ನಾ?"

ನಿಮಗೆ ನನ್ನ ಮೇಲೆ ನಂಬಿಕೆಯಿಲ್ಲ, ಅಲ್ಲವೇ. ನನಗೆ ಯಾರ ಮೇಲೂ ಇಲ್ಲ, ಅದು ನನ್ನ ಕೆಲಸ ಎಂದೆ. ಉತ್ತರ ನಿಜವಾಗಿತ್ತು, ಆದರೆ ಅವಳ ಮುಖಕ್ಕೆ ಹೇಳುವಂಥದ್ದಾಗಿರಲಿಲ್ಲ.

ನಾನೇ ತಂದ ರಕ್ತವನ್ನು ಎರಡು ಬೇರೆ ಬೇರೆ ಲ್ಯಾಬುಗಳಿಗೆ ಕಳಿಸಿದೆ. ನಮ್ಮಲ್ಲಿ ಶೀತಲಪೆಟ್ಟಿಗೆಯಲ್ಲಿದ್ದ ಹಳೆಯ ಮಾದರಿಯ ಡಿಎನ್‌ಎಯನ್ನೂ ಹೊಸದನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿದೆ. ಎರಡೂ ಒಬ್ಬನದೇ. ಎರಡೂ ಲ್ಯಾಬುಗಳ ಮೂರು ತಿಂಗಳ ಟೆಸ್ಟ್ ಹಿಂದಿನಂತೆಯೇ ಅಚ್ಚುಕಟ್ಟು. ಕಣ್ಣಿನ ಚಿತ್ರ ಬೇರೆಯವರದಿರಬಹುದೇ ಎಂದು ಅದನ್ನೂ ಮತ್ತೆ ತೆಗೆಸಿದೆ. ಕಣ್ಣಿನ ವೈದ್ಯರು ನೋಡಿ, ಹಿಂದಿನದಕ್ಕಿಂತ ಕೆಟ್ಟಿದೆ, ಎಡಗಣ್ಣಿಗೆ ಬೇಗ ಲೇಸರ್ ಆಗಬೇಕು ಎಂದು ಆಸ್ಪತ್ರೆಯ ಸರದಿಗೆ ಹೆಸರು ಬರೆಸಿದರು. ನರ್ಸಿನದು ಏನೂ ತಪ್ಪಿರಲಿಲ್ಲ. ಅವಳ ಬಳಿ ಹೋಗಿ ಹೇಳಿದೆ. "ಠೀಕ್ ಆಹೆ" ಎಂದು ತನ್ನ ಚೀಲ ಜೋಡಿಸುವುದನ್ನು ಮುಂದುವರಿಸಿದಳು.

ಮುಖ್ಯಸ್ಥರಿಗೆ ಈಗ ಇನ್ನಷ್ಟು ಖುಷಿ.

"ಆಯ್ತಲ್ಲ? ಇನ್ನಾದರೂ ಒಪ್ಕೊಳ್ಳಿ."

"ಅವರ ಹೆಂಡತಿ, ಇವರು ಕದ್ದು ಬೆಲ್ಲ ತಿಂತಾರೆ ಅಂತಾರೆ ಸರ್."

"ಪೇಷೆಂಟ್ ಸುಳ್ಳು ಹೇಳಬಹುದು. ಎರಡು ದಿನ ಪಥ್ಯ ಮಾಡಿ ಬಂದು ಫಾಸ್ಟಿಂಗ್ ಶುಗರ್‌ಗೆ ಮೋಸ ಮಾಡಬಹುದು. ಮೂರು ತಿಂಗಳ ಟೆಸ್ಟ್‌ಗೆ ಮೋಸ ಮಾಡಕ್ಕಾಗಲ್ಲ. ಅದು ಸುಳ್ಳು ಹೇಳಲ್ಲ."

ಆ ಕೊನೆಯ ಮಾತು ತಲೆಯಲ್ಲಿ ಉಳಿಯಿತು. ನಾನು ನರ್ಸನ್ನು ಅನುಮಾನಿಸಿದ್ದೆ, ಕ್ಯಾಮೆರಾವನ್ನು ಅನುಮಾನಿಸಿದ್ದೆ, ಆ ಮನುಷ್ಯನನ್ನೂ ಅನುಮಾನಿಸುತ್ತಿದ್ದೆ. ಆ ಪರೀಕ್ಷೆಯನ್ನು ಮಾತ್ರ ಅಳತೆಗೋಲಿನಂತೆ ಪಕ್ಕದಲ್ಲಿಟ್ಟುಕೊಂಡು ಉಳಿದವರನ್ನೆಲ್ಲ ಅಳೆಯುತ್ತಿದ್ದೆ. ಅದನ್ನೂ ಇನ್ನೊಂದು ಬಗೆಯಿಂದ ಅಳೆದು ನೋಡುವವರೆಗೆ ಮಾಹಿತಿಗೆ ಒಪ್ಪಿಗೆ ಕೊಡುವುದಿಲ್ಲ ಎಂದೆ.

ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನಿಮ್ಮ ಅನುಮಾನಕ್ಕೆ ಕೊನೆ ಅಂತ ಇದೆಯಾ? ಡ್ರಾಫ್ಟ್ ಕಾಯ್ತಾ ಇದೆ."

"ಆ ಗುಂಪಿನಲ್ಲಿರೋ ಬೇರೆಯವರದೂ ಇದೇ ಕಥೆಯಾಗಿದ್ದರೆ ಸರ್? ಅವರ ಸಕ್ಕರೆ ಹತೋಟಿಯಲ್ಲೇ ಇಲ್ಲದಿದ್ದರೆ?"

ಅವರು ಕನ್ನಡಕ ಮತ್ತೆ ಹಾಕಿಕೊಂಡರು. ಆಮೇಲೆ, ನೈತಿಕ ಸಮಿತಿಯ ಅನುಮತಿ ತೆಗೆದುಕೊಂಡು ಅದೇನು ಮಾಡ್ತೀರೋ ಮಾಡಿ, ಬೇಗ ಮಾಡಿ ಎಂದರು. ಅವತ್ತಿನಿಂದ ಸಭೆಗಳಲ್ಲಿ ಅವರು ನನ್ನ ಕಡೆ ನೋಡಿ ಮಾತಾಡುವುದು ನಿಂತಿತು.

ಅನುಮತಿ ಬಂದ ಮೇಲೆ ಹಮಾಲರ ಎಡತೋಳಿನ ಹಿಂಭಾಗಕ್ಕೆ ಒಂದು ಸೆನ್ಸರ್ ಅಂಟಿಸಿದೆವು. ನಾಣ್ಯದಷ್ಟು ದೊಡ್ಡ ಬಿಲ್ಲೆ. ಚರ್ಮದಡಿ ಕೂದಲಿನಂಥ ಎಳೆ ಇಳಿಸಿ, ಸಕ್ಕರೆ ಏರಿಳಿಯುವುದನ್ನು ಬಿಡದೆ ಬರೆದುಕೊಳ್ಳುತ್ತದೆ. ಅವರು ಕೆಲಸಕ್ಕೆ ಹೋದರು. ಮರುದಿನವೇ ಫೋನು ಬಂತು: ಬಿಲ್ಲೆ ಕಿತ್ತು ಬಂದಿದೆ.

"ಬೇಕಂತನ ಕಿತ್ತಾರ್ರಿ" ಎಂದರು ಹೆಂಡತಿ, ಗಂಡನ ಕೈಯಿಂದ ಫೋನು ಕಸಿದುಕೊಂಡು. "ತಿಂದಿದ್ದು ಗೊತ್ತಾಗ್ತದಂತ."

ಮುಖ್ಯಸ್ಥರೂ ಅದನ್ನೇ ಹೇಳಿದರು. ಸಿಕ್ಕಿಬೀಳುತ್ತೇನೆಂಬ ಹೆದರಿಕೆ. ನಿಜ ಹೇಳಬೇಕೆಂದರೆ ನನಗೂ ಹಾಗೇ ಅನ್ನಿಸಿತ್ತು. ಕೇಳಿದರೆ ಇಲ್ಲವೆನ್ನುತ್ತಾರೆ, ಆದ್ದರಿಂದ ಕೇಳುವ ಬದಲು ಹೋಗಿ ನೋಡೋಣವೆಂದು ಮಾರ್ಕೆಟ್ ಯಾರ್ಡಿಗೆ ಹೋದೆ.

ಬೆಲ್ಲದ ಗಾಳಾಗಳ ಸಾಲಿನಲ್ಲಿ ಗಾಳಿಯೇ ಅಂಟುಅಂಟು. ನೊಣ, ಲಾರಿಯ ಹೊಗೆ, ಸರಿ ಸರಿ ಎಂಬ ಕೂಗು. ಒಂದು ಕಂಬದ ಹಿಂದೆ ನಿಂತುಕೊಂಡೆ. ಪತ್ತೇದಾರಿಣಿಯಂತೆ ನಿಂತದ್ದು ನನಗೇ ನಾಚಿಕೆಯಾಯಿತು, ಆದರೂ ಅಲ್ಲಿಂದ ಸರಿಯಲಿಲ್ಲ. ನಮ್ಮ ಹಮಾಲರು ಲಾರಿಗೆ ಬೆನ್ನು ಕೊಟ್ಟು ನಿಲ್ಲುತ್ತಿದ್ದರು. ಮೇಲಿದ್ದವನು ಬೆಲ್ಲದ ಪೆಂಟಿಗಳು, ಅಂದರೆ ಉಂಡೆಗಳು, ತುಂಬಿದ ಚೀಲವನ್ನು ಜಾರಿಸಿದ ಕೂಡಲೇ ಎಡತೋಳನ್ನು ಹಿಂದಕ್ಕೆ ಮಡಚಿ, ಆ ತೋಳಿನ ಮೇಲೆಯೇ ಭಾರ ಉರುಳಿಸಿಕೊಂಡು ಹೆಗಲಿಗೆ ತಂದುಕೊಳ್ಳುತ್ತಿದ್ದರು. ಒರಟು ಗೋಣಿ ಪ್ರತಿ ಸಲವೂ ಎಡತೋಳಿನ ಹಿಂಭಾಗವನ್ನು ಉಜ್ಜಿಕೊಂಡು ಹೋಗುತ್ತಿತ್ತು. ಅಲ್ಲಿಯ ಚರ್ಮ ದಪ್ಪಗಟ್ಟಿ ಕಪ್ಪಾಗಿತ್ತು. ಅಂಥ ಜಾಗದಲ್ಲಿ ಯಾವ ಬಿಲ್ಲೆಯೂ ಒಂದು ಹೊತ್ತು ಉಳಿಯುವುದಿಲ್ಲ. ಇನ್ನೊಂದು ಲಾರಿಗೆ ಹೇರಲು ಹಲಗೆ ಏರುವಾಗ ಅವರು ಮೊದಲು ಕಾಲ ಬೆರಳಿನಿಂದ ಅಂಚನ್ನು ಮುಟ್ಟಿ ನೋಡಿ, ಆಮೇಲೆ ಹೆಜ್ಜೆ ಇಡುತ್ತಿದ್ದುದನ್ನೂ ಕಂಡೆ.

ನೋಡುತ್ತ ನಿಂತಷ್ಟು ಹೊತ್ತು ಅವರು ಬಾಯಿಗೆ ಹಾಕಿಕೊಂಡದ್ದು ನೀರು ಮಾತ್ರ. ಅದನ್ನು ಮಾತ್ರ ಮತ್ತೆ ಮತ್ತೆ ಕುಡಿಯುತ್ತಿದ್ದರು.

ಎರಡನೇ ಬಿಲ್ಲೆಯನ್ನು ಬಲತೋಳಿಗೆ ಅಂಟಿಸಿ ಮೇಲೆ ಪಟ್ಟಿ ಸುತ್ತಿದೆವು. ಅದು ಉಳಿಯಿತು. ಅವಧಿ ಮುಗಿದ ಮೇಲೆ ಅದನ್ನು ಓದಿಸಿದಾಗ ನಾನೂ ನರ್ಸೂ ಒಟ್ಟಿಗೇ ಪರದೆಯ ಮುಂದೆ ಕೂತಿದ್ದೆವು. ಗೆರೆ ಊಟವಾದ ಮೇಲೆ ಪ್ರತಿ ಸಲವೂ ಗುಡ್ಡದಂತೆ ಏರಿ, ತಾಸುಗಟ್ಟಲೆ ಮೇಲೆಯೇ ನಿಲ್ಲುತ್ತಿತ್ತು. ಬೆಳಗಿನ ಜಾವದಲ್ಲೂ ಇಳಿಯಬೇಕಾದಷ್ಟು ಇಳಿಯುತ್ತಿರಲಿಲ್ಲ. ಈ ಮನುಷ್ಯನ ಸಕ್ಕರೆ ಹತೋಟಿಯಲ್ಲಿಲ್ಲ, ಬಹುಶಃ ಯಾವತ್ತೂ ಇರಲಿಲ್ಲ. ಬಿಲ್ಲೆ ತೆಗೆದ ದಿನವೇ ತೆಗೆದ ರಕ್ತದಲ್ಲಿ ಮೂರು ತಿಂಗಳ ಟೆಸ್ಟ್ ಮತ್ತೆ ಅಚ್ಚುಕಟ್ಟಾಗಿ ಬಂತು.

"ಹೇ ಕಸಂ ಕಾಯ್?" ಎಂದಳು ನರ್ಸ್. ಇದು ಹೇಗೆ ಸಾಧ್ಯ?

ಅಲ್ಲಿಂದ ಮುಂದೆ ನಾನು ಆ ಪರೀಕ್ಷೆಯನ್ನೇ ಬಿಚ್ಚಿ ನೋಡತೊಡಗಿದೆ. ರಕ್ತದ ಕೆಂಪುಕಣಗಳು ಹುಟ್ಟಿದಂದಿನಿಂದ ಸಾಯುವವರೆಗೆ ಸಕ್ಕರೆಯಲ್ಲೇ ಈಜುತ್ತಿರುತ್ತವೆ, ಅಷ್ಟಷ್ಟು ಸಕ್ಕರೆ ಅವುಗಳಿಗೆ ಅಂಟುತ್ತ ಹೋಗುತ್ತದೆ. ಎಷ್ಟು ಅಂಟಿದೆ ಎಂದು ನೋಡಿ ಸರಾಸರಿ ಹೇಳುತ್ತೇವೆ. ಆದರೆ ಕಣ ತನ್ನ ಪೂರ್ತಿ ಆಯುಷ್ಯ ಬದುಕಿದೆ ಎಂದು ಮೊದಲೇ ಒಪ್ಪಿಕೊಂಡಿರುತ್ತೇವೆ. ಒಬ್ಬನ ಅಂಗಿ ಎಷ್ಟು ನೆನೆದಿದೆ ಎಂದು ಮುಟ್ಟಿ ನೋಡಿ ಮಳೆ ಎಷ್ಟು ಬಂತೆಂದು ಹೇಳಿದ ಹಾಗೆ. ಅವನು ಬೇಗನೆ ಮನೆಯೊಳಗೆ ಬಂದಿದ್ದರೆ ಹೊರಗೆ ಜಡಿಮಳೆ ಇದ್ದರೂ ಅಂಗಿ ಒಣಗಿರುತ್ತದೆ.

ಕೆಂಪುಕಣಗಳು ಬೇಗ ಸಾಯುತ್ತಿದ್ದರೆ ದೇಹ ಹೊಸವನ್ನು ಬೇಗ ಬೇಗ ಹುಟ್ಟಿಸಬೇಕು. ಎಳೆಯ ಕಣಗಳ ಎಣಿಕೆ ಮಾಡಿಸಿದೆ; ಮಾಮೂಲಿಗಿಂತ ಹೆಚ್ಚಿತ್ತು. ಕೆಂಪುಕಣಕ್ಕೆ ಸಂಬಂಧವಿಲ್ಲದ, ರಕ್ತದ ತಿಳಿಯಲ್ಲಿರುವ ಪ್ರೋಟೀನಿಗೆ ಅಂಟಿದ ಸಕ್ಕರೆಯನ್ನು ಅಳೆಯುವ ಇನ್ನೊಂದು ಪರೀಕ್ಷೆ ಮಾಡಿಸಿದೆ. ಅದು ತುಂಬ ಏರಿತ್ತು, ಬಿಲ್ಲೆಯ ಗೆರೆ ಹೇಳಿದ್ದನ್ನೇ ಹೇಳಿತು. ಕಣಗಳು ಬೇಗ ಸಾಯಲು ಕಾರಣಗಳು ಹಲವು. ಆನುವಂಶಿಕ ಕಾರಣಗಳಲ್ಲಿ ನಮ್ಮ ದೇಶದ ಹಲವು ಸಮುದಾಯಗಳಲ್ಲಿ ಕಾಣುವುದು ಜಿ-ಸಿಕ್ಸ್-ಪಿಡಿ ಎಂಬ ಕಿಣ್ವದ ಕೊರತೆ. ಕೆಂಪುಕಣವನ್ನು ಸವೆತದಿಂದ ಕಾಯುವ ಕಿಣ್ವ ಅದು. ಅದು ಕಡಿಮೆಯಿದ್ದವರಲ್ಲಿ ಬಹಳ ಮಂದಿಗೆ ಜೀವನವಿಡೀ ಗೊತ್ತೇ ಆಗುವುದಿಲ್ಲ.

ಅದರ ಪರೀಕ್ಷೆ ಸುಲಭ. ರಕ್ತದ ಹನಿಯನ್ನು ಒಂದು ದ್ರಾವಣದಲ್ಲಿ ಬೆರೆಸಿ, ಸ್ವಲ್ಪ ಹೊತ್ತು ಬೆಚ್ಚಗಿಟ್ಟು, ಸೋಸುಕಾಗದದ ಮೇಲೆ ಚುಕ್ಕೆ ಹಾಕಿ, ಕತ್ತಲಕೋಣೆಯಲ್ಲಿ ನೇರಳೆ ದೀಪದಡಿ ಹಿಡಿಯುವುದು. ಕಿಣ್ವ ಇದ್ದರೆ ಚುಕ್ಕೆ ಹೊಳೆಯುತ್ತದೆ. ಹೋಲಿಕೆಗೆ ನನ್ನ ರಕ್ತದ ಚುಕ್ಕೆಯನ್ನೂ ನರ್ಸಿನ ರಕ್ತದ ಚುಕ್ಕೆಯನ್ನೂ ಹಾಕಿದ್ದೆ. ದೀಪ ಹಚ್ಚಿದಾಗ ನಮ್ಮಿಬ್ಬರದು ತಿಳಿನೀಲಿಯಾಗಿ ಹೊಳೆದವು. ಅವರದು ಕಪ್ಪಾಗಿಯೇ ಉಳಿಯಿತು. ಮತ್ತೆ ಮಾಡಿದೆ. ಮತ್ತೆ ಕಪ್ಪು.

ಆ ಕಿಣ್ವದ ವಂಶವಾಹಿ ಇರುವುದು ಎಕ್ಸ್ ವರ್ಣತಂತುವಿನಲ್ಲಿ. ಗಂಡಸರಲ್ಲಿ ಅದು ಒಂದೇ, ಹೆಂಗಸರಲ್ಲಿ ಎರಡು. ಲೆಕ್ಕ ತೊಡಕಾಗುತ್ತದೆಂದು ಇಂಥ ಅಧ್ಯಯನಗಳಲ್ಲಿ ಎಷ್ಟೋ ಸಲ ಅದನ್ನು ಬದಿಗಿಟ್ಟುಬಿಡುತ್ತಾರೆ. ನಾವೂ ಬದಿಗಿಟ್ಟಿದ್ದೆವು. ಬಿಟ್ಟಿದ್ದ ಆ ಭಾಗವನ್ನು ತೆರೆದು ಓದಿದಾಗ ಹಮಾಲರ ಆ ವಂಶವಾಹಿಯಲ್ಲಿ ಒಂದು ಅಕ್ಷರ ಬದಲಾಗಿದ್ದು ಕಂಡಿತು. ಆಮೇಲೆ ಉಳಿದವರದನ್ನು ನೋಡಿದೆ. ಅದೇ ಬದಲಾವಣೆ ಇನ್ನೂ ಕೆಲವರಲ್ಲಿತ್ತು. ಅವರಲ್ಲಿ ಹೆಚ್ಚಿನವರು ಮುಖ್ಯಸ್ಥರ ಆ ಪ್ರೀತಿಯ ಗುಂಪಿನವರು. ಸಕ್ಕರೆ ಹತೋಟಿಯಲ್ಲಿದ್ದೂ ಅಂಗ ಕೆಟ್ಟವರು ಎಂದು ನಾವು ನಂಬಿದ್ದವರಲ್ಲಿ ಎಷ್ಟೋ ಜನರ ಸಕ್ಕರೆ ಹತೋಟಿಯಲ್ಲೇ ಇರಲಿಲ್ಲ. ಆ ವಂಶವಾಹಿ ಅವರ ಕಣ್ಣನ್ನು ನೇರವಾಗಿ ಕೆಡಿಸಿರಲಿಲ್ಲ. ಸಕ್ಕರೆ ಏರಿದ್ದನ್ನು ಮುಚ್ಚಿಟ್ಟಿತ್ತು. ಮುಚ್ಚಿಟ್ಟದ್ದರಿಂದ ವೈದ್ಯರು ಮಾತ್ರೆ ಇಳಿಸಿದ್ದರು. ಮಾತ್ರೆ ಇಳಿಸಿದ್ದರಿಂದ ಕಣ್ಣು ಕೆಟ್ಟಿತ್ತು.

ಎಲ್ಲ ಹಾಳೆಗಳನ್ನು ಮುಖ್ಯಸ್ಥರ ಮೇಜಿನ ಮೇಲೆ ಒಂದರ ಪಕ್ಕ ಒಂದು ಇಟ್ಟೆ. ಅವರು ಒಂದೊಂದನ್ನೂ ಎತ್ತಿ ನೋಡಿದರು. ನನ್ನ ಲೆಕ್ಕದಲ್ಲಿ ತಪ್ಪು ಹುಡುಕುತ್ತಿದ್ದಾರೆ ಎಂದು ಗೊತ್ತಾಗುತ್ತಿತ್ತು. ನನಗೆ ಅದರ ಬಗ್ಗೆ ಬೇಸರವಾಗಲಿಲ್ಲ. ನಾನಾಗಿದ್ದರೂ ಅದನ್ನೇ ಮಾಡುತ್ತಿದ್ದೆ. ಕೊನೆಯ ಹಾಳೆ ಇಟ್ಟ ಮೇಲೆ ಅವರು ಕೇಳಿದ್ದು ಪ್ರಬಂಧದ ಬಗ್ಗೆ ಅಲ್ಲ.

"ಇವರ ಮಾತ್ರೆ ಈಗಲೂ ಕಮ್ಮಿನೇ ಇದೆಯಾ?"

"ಹೌದು ಸರ್."

"ನಡೀರಿ. ನಾನೂ ಬರ್ತೀನಿ."

ಬಿಬವೇವಾಡಿಯ ಆ ಮನೆಯಲ್ಲಿ ಮುಖ್ಯಸ್ಥರು ಚಾಪೆಯ ಮೇಲೆ ಕೂತು, ತಮಗೆ ಬಂದಷ್ಟು ಸರಳವಾಗಿ ಹೇಳಿದರು. ಅವರ ಬೆಂಗಳೂರು ಕನ್ನಡ ಆ ದಂಪತಿಗೆ ಅರ್ಧ ಹತ್ತಿತು, ಅರ್ಧ ನಾನು ಹೇಳಿದೆ. ರಿಪೋರ್ಟ್ ಚೆನ್ನಾಗಿ ಬರುತ್ತಿದ್ದುದು ಮೋಸ, ಸಕ್ಕರೆ ಯಾವಾಗಲೂ ಏರಿಯೇ ಇತ್ತು, ದವಾಖಾನೆಯ ವೈದ್ಯರಿಗೆ ನಾವೇ ತಿಳಿಸುತ್ತೇವೆ, ಮಾತ್ರೆ ಬದಲಾಗಬೇಕು, ಇನ್ನು ಮೇಲೆ ಆ ಟೆಸ್ಟನ್ನು ಇವರಿಗೆ ಮಾಡಿಸಬಾರದು, ಬೆರಳು ಚುಚ್ಚಿ ನೋಡಿಕೊಳ್ಳಬೇಕು, ಕೆಂಪುಕಣಗಳನ್ನು ಇನ್ನೂ ಬೇಗ ಸಾಯಿಸುವ ಕೆಲವು ಔಷಧಿಗಳನ್ನು, ಮಲೇರಿಯಾದ ಒಂದು ಮಾತ್ರೆಯನ್ನೂ, ಯಾವ ಡಾಕ್ಟರು ಬರೆದುಕೊಟ್ಟರೂ ನಮ್ಮನ್ನು ಕೇಳದೆ ನುಂಗಬಾರದು.

ಗಂಡನ ಮುಖ ಬಿಳುಚಿತು. ಇಷ್ಟು ದಿನ ಹೆಂಡತಿಯ ಎದುರು ಅವರಿಗಿದ್ದ ಒಂದೇ ಆಸರೆ ಆ ರಿಪೋರ್ಟು. ಹೆಂಡತಿ ನಿಧಾನವಾಗಿ ಅವರತ್ತ ತಿರುಗಿದರು.

"ಕೇಳಿದ್ರೇನು? ಸಕ್ರಿ ಏರೇ ಇತ್ತಂತ. ನಾ ಹೇಳಿದ್ದು ಖರೇ ಆತಿಲ್ಲೋ? ತಿಂದೀರಿಲ್ಲೋ?"

"ಇಲ್ಲ ಅಂದ್ರ ಇಲ್ಲ. ಯಾರ ಮ್ಯಾಲ ಆಣಿ ಮಾಡ್ಲಿ?"

ಆ ಗೆರೆಯ ಹಾಳೆ ನನ್ನ ಚೀಲದಲ್ಲಿತ್ತು. ತೆಗೆದು ನೆಲದ ಮೇಲೆ ಹರಡಿ ಬೆರಳಿಟ್ಟು ತೋರಿಸಿದೆ.

"ಇಲ್ಲಿ ನೋಡ್ರಿ ಅಕ್ಕಾರ. ಇದು ಇವ್ರು ಗಾಳಾದಾಗ ಬೆಲ್ಲ ಹೊರೂ ಹೊತ್ತು. ಗೆರಿ ಇಳಕೋತ ಹೊಂಟದ. ಮರುದಿನಾನೂ ಹಂಗ ಅದ. ಅದರ ಮರುದಿನಾನೂ. ಬೆಲ್ಲ ಬಾಯಾಗ ಹಾಕ್ಕೊಂಡಿದ್ರ ಇಲ್ಲೇ ಏರಬೇಕಿತ್ತು. ಒಂದ್ ಸಲಾನೂ ಏರಿಲ್ಲ."

"ಮತ್ತ ಇಲ್ಲೆ ಏರೇದಲ್ಲ?"

"ಅದು ಮನಿ ಊಟ."

ಅವರು ಕೈಗೆ ಮೆತ್ತಿದ್ದ ರೊಟ್ಟಿಯ ಹಿಟ್ಟನ್ನು ನೋಡಿಕೊಂಡರು. "ನನ್ನ ಕೈಯಾಗಿನ ರೊಟ್ಟಿಗಿ ಏರ್ತದೇನು?"

"ರೊಟ್ಟಿ ತಪ್ಪಲ್ರಿ. ಯಾರು ಏನು ಉಂಡ್ರೂ ಏರ್ತದ. ಇಳಸಾಕ ಗುಳಿಗಿ ಬೇಕಿತ್ತು, ಆ ಗುಳಿಗಿನ ಕಮ್ಮಿ ಮಾಡಿಬಿಟ್ಟಿದ್ರು."

ಹೆಂಡತಿ ಕೈಯ ಹಿಟ್ಟನ್ನು ಉಜ್ಜಿ ತೆಗೆದರು. ಆಮೇಲೆ ಅವರು ಗಂಡನನ್ನು ನೋಡದೆಯೇ ಕೇಳಿದರು:

"ಒಮ್ಮಿನೂ ತಿಂದಿಲ್ಲೇನ್ರಿ?"

"ಒಮ್ಮಿನೂ ಇಲ್ಲ. ನಿನ್ನ ಅಂಜಿಕಿಗೇ ತಿಂದಿಲ್ಲ."

ಅವರು ಎದ್ದು ಒಲೆಯ ಕಡೆ ಹೋದರು. ಸೆರಗಿನಿಂದ ಮುಖ ಒರೆಸಿಕೊಳ್ಳುವುದು ಹಿಂದಿನಿಂದ ಕಂಡಿತು. ಎಲ್ಲರಿಗೂ ಚಹಾ ತಂದಾಗ ನನ್ನನ್ನು "ತಗೋ ತಂಗಿ" ಎಂದು ಕರೆದರು. ನರ್ಸಿಗೆ ಕೊಡುವಾಗ ಮರಾಠಿಯಲ್ಲಿ ಏನೋ ಅಂದರು, ಅವಳು ನಕ್ಕಳು. ಗಂಡನ ಲೋಟಕ್ಕೆ ಸಕ್ಕರೆ ಹಾಕಿರಲಿಲ್ಲ.

ಸರದಿ ಬಂದು ಲೇಸರ್ ಆಯಿತು. ಎಡಗಣ್ಣಿನ ನಡುಭಾಗದ ದೃಷ್ಟಿ ಮರಳಿ ಬರಲಿಲ್ಲ, ತಡವಾಗಿತ್ತು. ಬಲಗಣ್ಣು ಉಳಿಯಿತು. ಗಾಳಾದ ಮಾಲಕರು ಅವರನ್ನು ಹಲಗೆಯ ಕೆಲಸದಿಂದ ಬಿಡಿಸಿ ಒಳಗೆ ತೂಕದ ಕಟ್ಟೆಯ ಬಳಿ ಹಾಕಿದರು. ಪ್ರಬಂಧವನ್ನು ಮುಖ್ಯಸ್ಥರೇ ಹೊಸದಾಗಿ ಬರೆದರು. ಮೊದಲಿನದರಷ್ಟು ದೊಡ್ಡ ಮಾತು ಅದರಲ್ಲಿರಲಿಲ್ಲ. ಆ ಗುಂಪಿನಲ್ಲಿ ನಿಜಕ್ಕೂ ಸಕ್ಕರೆ ಹತೋಟಿಯಲ್ಲಿದ್ದೂ ಅಂಗ ಕೆಟ್ಟವರು ಉಳಿದದ್ದು ಸ್ವಲ್ಪ ಜನ. ಅವರ ಪ್ರಶ್ನೆ ಇನ್ನೂ ಹಾಗೆಯೇ ಇದೆ. ಬದಲಾವಣೆ ಸಿಕ್ಕ ಉಳಿದವರನ್ನು ನರ್ಸ್ ಒಬ್ಬೊಬ್ಬರಾಗಿ ಮನೆಗೆ ಹೋಗಿ ಕರೆತಂದಳು. ಅವಳ ಪೆಟ್ಟಿಗೆಯನ್ನು ನಾನು ಮತ್ತೆಂದೂ ಕಸಿದುಕೊಳ್ಳಲಿಲ್ಲ. ಚೀಟಿಗಳನ್ನು ಈಗಲೂ ಎರಡು ಸಲ ನೋಡುತ್ತೇನೆ. ಅವಳೇ ನನ್ನ ಮುಂದೆ ಹಿಡಿಯುತ್ತಾಳೆ.

ಇನ್ನೊಂದು ಕೆಲಸ ಉಳಿದಿತ್ತು. ಗಂಡಸಿಗೆ ಎಕ್ಸ್ ವರ್ಣತಂತು ಬರುವುದು ತಾಯಿಯಿಂದ. ಹಾಗಾದರೆ ಅದೇ ತಾಯಿಯ ಬೇರೆ ಗಂಡುಮಕ್ಕಳು? ಕೇಳಿದಾಗ, ಒಬ್ಬ ತಮ್ಮ ಇದ್ದಾನೆ, ದೇಹೂ ರೋಡಿನಲ್ಲಿ ಗೌಂಡಿ ಕೆಲಸ, ಅವನಿಗೆ ಸ್ವಲ್ಪವೂ ಶುಗರ್ ಇಲ್ಲ ಎಂದರು ಹಮಾಲರು. ಯಾರು ಹೇಳಿದ್ದು ಎಂದೆ. ಕಾಮಗಾರಿಯ ಜಾಗದಲ್ಲಿ ಶಿಬಿರ ಮಾಡಿದ್ದರು, ಮೂರು ತಿಂಗಳ ಟೆಸ್ಟ್ ಮಾಡಿದ್ದರು ಎಂದರು.

ತಮ್ಮನನ್ನು ಅಣ್ಣನೇ ಕರೆದುಕೊಂಡು ಬಂದರು. ಆತ ಬಾಗಿಲಲ್ಲೇ ನಿಂತ. ಸಿಮೆಂಟಿನ ಕಲೆಯ ಪ್ಯಾಂಟು, ಬಾಯಲ್ಲಿ ಎಲೆ ಅಡಿಕೆ, ಕಣ್ಣಲ್ಲಿ ಸಂಶಯ.

"ನನ್ನ್ಯಾಕ ಕರಸೀರ್ರಿ? ನನ್ನ ರಿಪೋರ್ಟ್ ಭಾಳ ಛಲೋ ಅದ."

"ಛಲೋ ಅದ ಅಂತನ ಕರಸೀವ್ರಿ" ಎಂದೆ.

ಆತನಿಗೆ ಅದು ಚೇಷ್ಟೆಯ ಮಾತಾಗಿ ಕೇಳಿಸಿತು. ಅಣ್ಣ ಬೆನ್ನ ಮೇಲೆ ಕೈಯಿಟ್ಟು ಒಳಗೆ ತಂದರು. ನೇರಳೆ ದೀಪದಡಿ ಆತನ ಚುಕ್ಕೆಯೂ ಹೊಳೆಯಲಿಲ್ಲ. ಎಲೆ ಅಡಿಕೆ ಉಗುಳಿಸಿ, ಗ್ಲೂಕೋಸ್ ನೀರು ಕುಡಿಸಿ ಎರಡು ತಾಸಿನ ಮೇಲೆ ನೋಡಿದರೆ ಸಕ್ಕರೆ ಅಣ್ಣನಷ್ಟಿಲ್ಲದಿದ್ದರೂ ಮಿತಿ ದಾಟಿತ್ತು. ಎಷ್ಟು ವರ್ಷದಿಂದ ಹೀಗಿತ್ತೋ.  ಆತ ಕಣ್ಣಿನ ಚಿತ್ರ ತೆಗೆಯುವ ಯಂತ್ರದ ಮುಂದೆ ಗದ್ದವಿಟ್ಟ. ಪರದೆಯನ್ನು ನೋಡುವ ಧೈರ್ಯ ನನಗೆ ಒಂದು ಗಳಿಗೆ ಬರಲಿಲ್ಲ.

ಚಿತ್ರ ಮೂಡಿತು. ತುಂಬು ಕಿತ್ತಳೆ ಬಣ್ಣ, ನಡುವೆ ಬೆಳ್ಳಗಿನ ಬಿಲ್ಲೆ, ಅದರಿಂದ ಹೊರಟು ಕವಲೊಡೆಯುತ್ತ ಹೋದ ರಕ್ತನಾಳಗಳು. ಒಂದು ಚುಕ್ಕೆಯಿರಲಿಲ್ಲ, ಒಂದು ಕಲೆಯಿರಲಿಲ್ಲ. ಇನ್ನೊಂದು ಕಣ್ಣೂ ಹಾಗೆಯೇ.

ಅಣ್ಣ ನನ್ನ ಕುರ್ಚಿಯ ಹಿಂದೆ ಬಂದು ನಿಂತರು. ತಲೆ ಓರೆ ಮಾಡಿ, ಬಲಗಣ್ಣನ್ನು ಪರದೆಯ ಹತ್ತಿರ ತಂದು ಬಹಳ ಹೊತ್ತು ನೋಡಿದರು.

"ಛಲೋ ಕಣ್ಣು ಹಿಂಗ ಇರ್ತದೇನ್ರಿ ಬಾಯಾರ?"

"ಹೌದ್ರಿ ಅಣ್ಣಾರ. ಹಿಂಗ ಇರ್ತದ."

ಅವರು ನೆಟ್ಟಗೆ ನಿಂತು ತಮ್ಮನ ಕಡೆ ತಿರುಗಿದರು. "ಕೇಳಿದೇನೋ? ಗುಳಿಗಿ ತಪ್ಪಿಸಿದ್ರ ಕಾಲ್ ಮುರೀತೀನಿ" ಎಂದರು.